ನೇತ್ರಾಣಿಗೆ ಬಿಡಿ ಸೀಟೋ, ಇಡೀ ದೋಣಿಯೋ: ತುಮಕೂರಿನಿಂದ ಹೋಗುವವರಿಗೆ ಒಂದು ಹೋಲಿಕೆ

ಮೂರು ದಿನ ರಜೆ ಒಟ್ಟಿಗೆ ಬಿದ್ದಿದೆ, ಆರೆಂಟು ಜನ ಸೇರಿದ್ದೀರಿ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ನೀರಿನಡಿ ಈಜುವುದು) ಮಾಡಬೇಕು ಅಂತಿದೆ. ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಮುರುಡೇಶ್ವರದ ಡೈವಿಂಗ್ ಸೆಂಟರ್ ಮೂಲಕವೇ ಇಡೀ ದೋಣಿಯನ್ನು ಶನಿವಾರ ಬೆಳಿಗ್ಗೆಗೆ ಹಿಡಿಯಿರಿ. ತಲೆಗೊಂದು ಸೀಟು ಕೊಳ್ಳುವುದು, ಮೀನುಗಾರರ ದೋಣಿಯನ್ನು ನೇರವಾಗಿ ಮಾತಾಡಿಕೊಳ್ಳುವುದು, ಪುದುಚೇರಿ, ಮಹಾರಾಷ್ಟ್ರದ ಮಾಲ್ವಣ್ ಇವೆಲ್ಲ ಅದರ ಹಿಂದೆಯೇ ನಿಲ್ಲುತ್ತವೆ. ಘಟ್ಟದ ಮೇಲಿನ ನಮಗೆ ಈ ಆಯ್ಕೆಯನ್ನು ನಿರ್ಧರಿಸುವುದು ವಾಪಸ್ ಬರುವ ದಾರಿ.

ಬಿಡಿ ಸೀಟು ಅಗ್ಗ. ಗೇರ್, ಇನ್‌ಸ್ಟ್ರಕ್ಟರ್, ತಿಂಡಿ ಎಲ್ಲ ಅದರಲ್ಲೇ ಸೇರಿರುತ್ತದೆ, ಫೋನಿನಲ್ಲೇ ಕೆಲಸ ಮುಗಿಯುತ್ತದೆ. ಸಾಮಾನ್ಯ ವಾರದಲ್ಲಿ ಇದರ ಬಗ್ಗೆ ನನ್ನ ತಕರಾರಿಲ್ಲ. ಸಾಲುರಜೆಯಲ್ಲಿ ಮಾತ್ರ ಸೆಂಟರ್‌ನವರು ಜನರನ್ನು ಆ ಟ್ರಿಪ್ಪಿನಿಂದ ಈ ಟ್ರಿಪ್ಪಿಗೆ ಹೊಂದಿಸುತ್ತಾರೆ. ಶನಿವಾರ ಬೆಳಿಗ್ಗೆಗೆ ಅಡ್ವಾನ್ಸ್ ಕೊಟ್ಟಿದ್ದ ಸೀಟು ಭಾನುವಾರ ಮಧ್ಯಾಹ್ನಕ್ಕೆ ಜಾರಿದ್ದನ್ನು ಕಂಡಾಗಿದೆ. ಅವರಿಗೆ ಅದು ಸಣ್ಣ ಬದಲಾವಣೆ. ತುಮಕೂರಿಗೆ ಹಿಂದಿರುಗಬೇಕಾದವರಿಗೆ ಇಡೀ ಯೋಜನೆಯೇ ಕೆಡುತ್ತದೆ, ಏಕೆಂದರೆ ಡೈವ್ ಮುಗಿಸಿ ಅದೇ ಸಂಜೆ ಘಟ್ಟ ಹತ್ತಬಾರದು.

ನೀರಿನಡಿ ಒತ್ತಡದಲ್ಲಿ ಉಸಿರಾಡಿದಷ್ಟೂ ಸಾರಜನಕ ರಕ್ತಕ್ಕೂ ಅಂಗಾಂಶಗಳಿಗೂ ಕರಗಿ ಸೇರುತ್ತದೆ. ಮೇಲೆ ಬಂದ ಮೇಲೆ ಅದು ಉಸಿರಿನ ಮೂಲಕ ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತಿರುತ್ತದೆ. ಅಷ್ಟರೊಳಗೆ ಸುತ್ತಲಿನ ಗಾಳಿಯ ಒತ್ತಡ ಇನ್ನೂ ಇಳಿದರೆ ಉಳಿದ ಸಾರಜನಕ ಗುಳ್ಳೆ ಕಟ್ಟಬಹುದು. ಭುಜ, ಮೊಣಕೈ ಕೀಲುಗಳಲ್ಲಿ ನೋವು, ಜುಮುಜುಮು, ಚರ್ಮದ ಮೇಲೆ ಕಲೆ, ಕಾರಣವಿಲ್ಲದ ಸುಸ್ತು ಇದರ ಲಕ್ಷಣಗಳು. ವಿಮಾನ ಹತ್ತಬೇಡಿ ಎನ್ನುವ ಎಚ್ಚರಿಕೆ ಎಲ್ಲರೂ ಕೇಳಿರುತ್ತಾರೆ. ಘಟ್ಟ ಹತ್ತುವ ಟೆಂಪೋ ಟ್ರಾವೆಲರ್ ಕೂಡ ಅದೇ ಕೆಲಸ ಮಾಡುತ್ತದೆ ಎನ್ನುವುದನ್ನು ಕರಾವಳಿಯ ಸೆಂಟರ್‌ನವರು ತಾವಾಗಿ ಹೇಳುವುದು ಕಡಿಮೆ.

ಲೆಕ್ಕ ಹೀಗಿದೆ. ಡೈವರ್‌ಗಳ ಸುರಕ್ಷತೆ ನೋಡಿಕೊಳ್ಳುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆಯಂತೆ ಒಂದೇ ಡೈವ್ ಆದರೆ ವಿಮಾನಕ್ಕೆ ಮುನ್ನ ಕನಿಷ್ಠ 12 ಗಂಟೆ, ದಿನಕ್ಕೆ ಎರಡು ಅಥವಾ ಸತತ ದಿನಗಳಲ್ಲಿ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಈ ಸಲಹೆ 2,000ದಿಂದ 8,000 ಅಡಿ ಎತ್ತರಕ್ಕೆ ಸಮನಾದ ಕ್ಯಾಬಿನ್ ಒತ್ತಡಕ್ಕೆ ಅನ್ವಯಿಸುತ್ತದೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಮೇಲಿದೆ, ಅಂದರೆ 2,700 ಅಡಿಯ ಆಸುಪಾಸು. ಇಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು ಶೇಕಡಾ 9ರಷ್ಟು ಕಡಿಮೆ. ವಿಮಾನದಷ್ಟು ಅಪಾಯವಿಲ್ಲ ನಿಜ, ಆದರೆ ಸಲಹೆಯ ವ್ಯಾಪ್ತಿಯೊಳಗೇ ನಾವು ಬರುತ್ತೇವೆ. ದಾರಿ ಬದಲಿಸಿದರೂ ಪ್ರಯೋಜನವಿಲ್ಲ: ಗೇರುಸೊಪ್ಪೆ ಘಟ್ಟ ಹತ್ತಿ ಸಾಗರಕ್ಕೆ ಬನ್ನಿ, ಆಗುಂಬೆ ಹತ್ತಿ, ಶಿರಾಡಿ ಹತ್ತಿ, ಕೊನೆಗೆ ರೈಲಿನಲ್ಲಿ ಸಕಲೇಶಪುರದ ಮೇಲೆಯೇ ಬನ್ನಿ, ಎತ್ತರ ತಪ್ಪುವುದಿಲ್ಲ. ಡೈವ್ ಕಂಪ್ಯೂಟರ್ (ಆಳ, ಸಮಯದ ಲೆಕ್ಕ ಇಡುವ, ಕೈಗೆ ಕಟ್ಟುವ ಸಾಧನ) ಇದ್ದವರು ಅದರಲ್ಲಿ ತೋರಿಸುವ ವಿಮಾನ ನಿಷೇಧದ ಗಂಟೆ ಪೂರ್ತಿ ಮುಗಿಯುವವರೆಗೆ ಕೆಳಗೇ ಇರಲಿ.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇಡೀ ದೋಣಿ ನಿಮ್ಮದಾದರೆ ಶನಿವಾರ 7ಕ್ಕೆ ಹೊರಟು ಸುಮಾರು 8.30ಕ್ಕೆ ನೇತ್ರಾಣಿ. ತೀರದಿಂದ ಸುಮಾರು 19 ಕಿಲೋಮೀಟರ್. 11.30ಕ್ಕೆ ಕೊನೆಯವರು ಮೇಲೆ ಬಂದರೆ, ಎಚ್ಚರಿಕೆಗೆ 18 ಗಂಟೆಯನ್ನೇ ಹಿಡಿದರೂ ಅದು ಮುಗಿಯುವುದು ಭಾನುವಾರ ಬೆಳಿಗ್ಗೆ 5.30ಕ್ಕೆ. ತಿಂಡಿ ತಿಂದು 8ಕ್ಕೆ ಹೊರಟರೂ ಕತ್ತಲಾಗುವ ಹೊತ್ತಿಗೆ ತುಮಕೂರು. ಅದೇ ಭಾನುವಾರ ಮಧ್ಯಾಹ್ನದ ಸೀಟಿನಲ್ಲಿ 3.30ಕ್ಕೆ ಮೇಲೆ ಬಂದರೆ 18 ಗಂಟೆ ಎಂದರೆ ಸೋಮವಾರ 9.30. ಒಂದೇ ಡೈವ್ ಮಾಡಿದ್ದರೂ ಭಾನುವಾರ ರಾತ್ರಿಯ ಬಸ್ಸು ತಪ್ಪಿತೆಂದೇ ಲೆಕ್ಕ. ಮಧ್ಯಾಹ್ನದ ಮೇಲೆ ಕಡಲಗಾಳಿ ಜೋರಾಗಿ ಅಲೆ ಏಳುವುದರಿಂದ ಸಮುದ್ರವೂ ಬೆಳಿಗ್ಗೆಯವರ ಪಕ್ಷವೇ.

ಶುಕ್ರವಾರ ಕೆಲಸ ಮುಗಿಸಿ ರಾತ್ರಿಯಿಡೀ ಓಡಿಸಿಕೊಂಡು ಹೋಗಿ ನೇರ ದೋಣಿ ಹತ್ತುವುದು ಬೇಡ. ಸುಮಾರು 400 ಕಿಲೋಮೀಟರ್ ನಿದ್ದೆಗೆಟ್ಟವರಿಗೆ ವಾಂತಿಯೂ ಬೇಗ, ಉಸಿರೂ ಬಿರುಸು. ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಹೊರಡಿ.

ದೋಣಿ ಗೊತ್ತು ಮಾಡುವಾಗ ಬೆಲೆಗಿಂತ ಮೊದಲು ಇಷ್ಟು ಕೇಳಿ. ಮೊದಲ ಸಲದವರಿಗೆ ತಲೆಗೊಬ್ಬ ಇನ್‌ಸ್ಟ್ರಕ್ಟರ್ ಬೇಕು. ಇನ್‌ಸ್ಟ್ರಕ್ಟರ್‌ಗಳು ನಾಲ್ವರಿದ್ದರೆ ನಿಮ್ಮ ಎಂಟು ಜನ ಎರಡು ತಂಡವಾಗಿ ಇಳಿಯುತ್ತಾರೆ. ಸಿಲಿಂಡರ್ ನಿಮಗೆ ಎಂಟು, ಅವರಿಗೆ ಎಂಟು, ಮೇಲೆ ಎರಡು ಹೆಚ್ಚುವರಿ. ಆ ಎರಡು ಏಕೆಂದರೆ ಸಿಲಿಂಡರ್ ಬಾಯಿಯ ಒಂದು ಓ-ರಿಂಗ್ (ರಬ್ಬರ್ ಬಳೆ) ಸೀಳಿದರೂ ಗಾಳಿ ಬುಸ್ಸೆಂದು ಸೋರಿ ಸಿಲಿಂಡರ್ ಕೈಬಿಡಬೇಕಾಗಬಹುದು. ಸಾಮಾನ್ಯ 11 ಲೀಟರ್ ಅಲ್ಯೂಮಿನಿಯಂ ಸಿಲಿಂಡರ್ ಒತ್ತಡ 200 ಬಾರ್ ಆಗುವಂತೆ ತುಂಬಿದ್ದರೆ ಒಳಗೆ ಸುಮಾರು 2,200 ಲೀಟರ್ ಗಾಳಿ ಇರುತ್ತದೆ. 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕು. 10 ಮೀಟರ್ ಆಳದಲ್ಲಿ ನೆಲದ ಮೇಲಿನ ಎರಡರಷ್ಟು ಗಾಳಿ ಖರ್ಚಾಗುತ್ತದೆ: ನಿಮಿಷಕ್ಕೆ 20 ಲೀಟರ್ ಎಳೆಯುವ ಶಾಂತ ಉಸಿರಿನವರಿಗೆ ಸುಮಾರು 40 ನಿಮಿಷ, ಗಾಬರಿಯಲ್ಲಿ 25 ಎಳೆಯುವವರಿಗೆ ಅರ್ಧ ಗಂಟೆ ಸಿಗುತ್ತದೆ. ಗೇಜ್ 160 ತೋರಿಸಿದರೆ ತುಂಬಿದ ಸಿಲಿಂಡರ್ ಅಲ್ಲ, ಬದಲಿಸಿಕೊಳ್ಳಿ. ಉಸಿರೆಳೆಯುವ ರೆಗ್ಯುಲೇಟರ್ ಬಾಯಿಗಿಟ್ಟಾಗ ಎಣ್ಣೆಯ ವಾಸನೆ ಬಂದರೆ ಇಳಿಯಲೇಬೇಡಿ.

ಆಕ್ಸಿಜನ್ ವಿಷಯದಲ್ಲಿ ‘ಇದೆ ಸರ್’ ಎನ್ನುವ ಉತ್ತರ ಸಾಲದು, ಎಷ್ಟಿದೆ ಎಂದು ಕೇಳಿ. ಮೇಲೆ ಹೇಳಿದ ಗುಳ್ಳೆಯ ಲಕ್ಷಣ ಕಂಡವರಿಗೆ ತುರ್ತಿಗೆ ನಿಮಿಷಕ್ಕೆ 15 ಲೀಟರ್ ಕೊಡಬೇಕು. ಎ-ಟೈಪ್ ಸಣ್ಣ ಸಿಲಿಂಡರ್ ಸುಮಾರು 750 ಲೀಟರ್, ಅಂದರೆ 50 ನಿಮಿಷ. ತೀರಕ್ಕೆ ಒಂದೂವರೆ ಗಂಟೆ ಬೇಕು. ಬಿ-ಟೈಪ್ ಆದರೆ 1,500 ಲೀಟರ್, 100 ನಿಮಿಷ ಬರುತ್ತದೆ. ನನಗೆ ಇದು ಚೌಕಾಸಿಗೆ ಸಿಗುವ ವಿಷಯವೇ ಅಲ್ಲ.

ಉಳಿದವು ಚಿಕ್ಕವು. ಏಣಿ ನೀರಿನೊಳಗೆ ಮೂರು ಮೆಟ್ಟಿಲಾದರೂ ಇಳಿದಿರಬೇಕು. ಹಿಂದೆ 20-30 ಮೀಟರ್ ಹಗ್ಗಕ್ಕೆ ಖಾಲಿ ಕ್ಯಾನ್ ಕಟ್ಟಿ ಬಿಟ್ಟಿರಬೇಕು, ಸೆಳೆತಕ್ಕೆ ಸಿಕ್ಕವರು ಅದನ್ನು ಹಿಡಿಯುತ್ತಾರೆ. ಇಳಿಯುವ ಮುನ್ನ, ಹೊರಡುವ ಮುನ್ನ ಹೆಸರು ಕೂಗಿ ಎಣಿಸಬೇಕು. ದ್ವೀಪದ ಮೇಲೆ ಕಾಲಿಡುವ ಮಾತು ಬೇಡ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಜಾಗ ಅದು. ಬೆಂಗಳೂರಿನ ಈಜುಕೊಳದಲ್ಲಿ ಕಲಿತವರು ಉಪ್ಪುನೀರಿನಲ್ಲಿ ಮುಳುಗಲು ಮೈಗೆ ಕಟ್ಟುವ ತೂಕ ಎರಡು ಕಿಲೋ ಹೆಚ್ಚಿಗೆ ಕೇಳಿಕೊಳ್ಳಿ.

ಮೀನುಗಾರಿಕೆ ದೋಣಿಯನ್ನು ನೇರ ಹಿಡಿದು ಗೇರ್ ಬೇರೆ ಕಡೆ ತರುವುದು ಎಲ್ಲಕ್ಕಿಂತ ಅಗ್ಗ, ನಾನು ಯಾರಿಗೂ ಹೇಳುವುದಿಲ್ಲ. ಅದರ ನೋಂದಣಿ ಮೀನು ಹಿಡಿಯಲು, ಪ್ರಯಾಣಿಕರಿಗಲ್ಲ. ಏಣಿ ಇಲ್ಲ, ಆಕ್ಸಿಜನ್ ಇಲ್ಲ, ಗುಳ್ಳೆ ನೋಡಿ ಡೈವರ್ ಎಲ್ಲಿದ್ದಾನೆಂದು ಹೇಳುವವರಿಲ್ಲ.

ಪುದುಚೇರಿ ದೂರದಲ್ಲಿ ಹೆಚ್ಚು ಕಡಿಮೆ ಅಷ್ಟೇ, ಬೆಂಗಳೂರಿನ ಟ್ರಾಫಿಕ್ ದಾಟುವ ಹಿಂಸೆ ಬೇರೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಹಿಂಗಾರಿನ ಮಳೆ. ಹೊಸೂರಿಗೆ ಬರುವಾಗ ಹತ್ತುವ ಎತ್ತರ ಅಲ್ಲೂ ಇದ್ದೇ ಇದೆ. ಮಾಲ್ವಣ್ ವೀಕೆಂಡಿಗೆ ತುಂಬಾ ದೂರ.

ದುಡ್ಡಿನ ವಿಷಯದಲ್ಲಿ ನನ್ನ ಅಳತೆ ಸರಳ. ದೋಣಿ, ಡೀಸೆಲ್, ಇನ್‌ಸ್ಟ್ರಕ್ಟರ್, ಸಿಲಿಂಡರ್, ಊಟ ಬೇರೆಬೇರೆಯಾಗಿ ಬರೆಸಿಕೊಂಡು ಒಟ್ಟನ್ನು ತಲೆಗೆ ಹಂಚಿ. ಬಿಡಿ ಸೀಟಿನ ಒಂದೂವರೆ ಪಟ್ಟಿನೊಳಗೆ ಬಂದರೆ ಇಡೀ ದೋಣಿ. ಆರು ಜನಕ್ಕಿಂತ ಕಡಿಮೆಯಾದರೆ ಈ ಲೆಕ್ಕ ಕೂಡುವುದು ಕಷ್ಟ. ಇಬ್ಬರೇ ಹೋಗುವವರು, ಸೋಮವಾರವೂ ರಜೆ ಹಾಕಬಲ್ಲವರು ಬಿಡಿ ಸೀಟನ್ನೇ ಕೊಳ್ಳಲಿ. ದಿನ ಜಾರಿದರೆ ಹಣ ವಾಪಸ್ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಂಡಿರಲಿ.

ಶಿವರಾತ್ರಿಯ ವಾರ ಬಿಟ್ಟುಬಿಡಿ, ದೇವಸ್ಥಾನದ ಜನಸಂದಣಿಯಲ್ಲಿ ರೂಮೂ ಸಿಗದು, ಪಾರ್ಕಿಂಗೂ ಸಿಗದು. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಮುಳುಗಿ ತೀರಿಕೊಂಡ ಮೇಲೆ ಕಡಲತೀರವನ್ನು ಕೆಲಕಾಲ ಮುಚ್ಚಿದ್ದರು. ಆದ್ದರಿಂದ ಗುರುವಾರವೇ ಫೋನ್ ಮಾಡಿ ದೋಣಿ ಬಿಡುತ್ತಿದ್ದಾರೆಯೇ ಎಂದು ಕೇಳಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಯ ಮುನ್ಸೂಚನೆಯನ್ನೂ ಅಂದೇ ನೋಡಿ. ಶನಿವಾರಕ್ಕೆ ಒಂದು ಮೀಟರ್‌ಗಿಂತ ಹೆಚ್ಚು ಅಲೆ ತೋರಿಸಿದರೆ ಮೊದಲ ಸಲದವರನ್ನು ಕರೆದುಕೊಂಡು ಹೋಗಬೇಡಿ, ದೋಣಿಯ ದಿನಾಂಕವನ್ನೇ ಮುಂದಕ್ಕೆ ಹಾಕಿಸಿ.