ಆಂಕೋಟೈಪ್ ಡಿಎಕ್ಸ್: ಕೀಮೋ ಬೇಕೇ, ಬೇಡವೇ?

ಆಂಕೋಟೈಪ್ ಡಿಎಕ್ಸ್ ಎಂದರೆ ಸ್ತನ ಕ್ಯಾನ್ಸರಿನ ಗೆಡ್ಡೆಯ ಮೇಲೆ ಮಾಡುವ ಜೀನ್ ಪರೀಕ್ಷೆ. ಕ್ಯಾನ್ಸರಿಗೆ ಸಂಬಂಧಿಸಿದ 16 ಜೀನ್‌ಗಳು, ಹೋಲಿಕೆಗೆ 5. ಈ 21ರ ಅಭಿವ್ಯಕ್ತಿಯನ್ನು, ಅಂದರೆ ಯಾವ ಜೀನ್ ಎಷ್ಟು ಚುರುಕಾಗಿದೆ ಎಂಬುದನ್ನು, ಆರ್‌ಟಿ-ಪಿಸಿಆರ್ ಎಂಬ ವಿಧಾನದಲ್ಲಿ ಅವುಗಳ ಆರ್‌ಎನ್‌ಎ ಅಳೆದು 0ರಿಂದ 100ರೊಳಗೆ ಒಂದು ಅಂಕವಾಗಿ ಕೊಡುತ್ತದೆ. ಅಂಕ ಹೆಚ್ಚಿದ್ದಷ್ಟೂ ಕ್ಯಾನ್ಸರ್ ಮರಳುವ ಅಪಾಯ ಹೆಚ್ಚು. ಹಾರ್ಮೋನ್ ಪಾಸಿಟಿವ್ (ಗೆಡ್ಡೆಯಲ್ಲಿ ಹಾರ್ಮೋನ್ ಗ್ರಾಹಕಗಳಿರುವ), ಹರ್2 ನೆಗೆಟಿವ್ (ಹರ್2 ಎಂಬ ಪ್ರೋಟೀನ್ ಹೆಚ್ಚಿಲ್ಲದ) ಇರುವ ಆರಂಭಿಕ ಹಂತದ ಸ್ತನ ಕ್ಯಾನ್ಸರಿಗಷ್ಟೇ ಇದು. ಎರಡು ಹಾರ್ಮೋನ್ ಗ್ರಾಹಕ, ಹರ್2 ಮೂರೂ ಇಲ್ಲದ ಟ್ರಿಪಲ್ ನೆಗೆಟಿವ್‌ಗೆ ಮಾಡಿಸಿದರೆ ದುಡ್ಡು ದಂಡ.

ಇದರ ಬಲ 2018ರ ಟೇಲರ್‌ಎಕ್ಸ್ ಟ್ರಯಲ್. ಕಂಕುಳಿನ ದುಗ್ಧ ಗ್ರಂಥಿಗೆ ಹರಡದವರಲ್ಲಿ ಅಂಕ 11ರಿಂದ 25 ಇದ್ದಾಗ ಹಾರ್ಮೋನ್ ಚಿಕಿತ್ಸೆಯೊಂದೇ ಸಾಕಾಯಿತು. ಆದರೆ 50 ವರ್ಷದೊಳಗಿನವರಿಗೆ 16ರಿಂದ ಮೇಲೆ ಕೀಮೋದಿಂದ ಸ್ವಲ್ಪ ಲಾಭ ಕಂಡಿತು. ವರದಿ ಓದುವಾಗ ವಯಸ್ಸು ಮರೆಯಬಾರದು. 1ರಿಂದ 3 ಗ್ರಂಥಿಗೆ ಹರಡಿದ್ದರೆ, ಮುಟ್ಟು ನಿಂತವರಿಗೆ ಅಂಕ 25ರವರೆಗೆ ಕೀಮೋ ಬೇಕಾಗದು. ಮುಟ್ಟು ನಿಲ್ಲದವರ ಲೆಕ್ಕ ಬೇರೆ.

ಎಡವಟ್ಟಾಗುವುದು ಹೆಚ್ಚಾಗಿ ಬ್ಲಾಕ್‌ನಲ್ಲೇ, ಅಂದರೆ ಪರೀಕ್ಷೆಗೆಂದು ಮೇಣದಲ್ಲಿ ಹುದುಗಿಸಿಟ್ಟ ಗೆಡ್ಡೆಯ ತುಂಡಿನಲ್ಲೇ. ತೆಗೆದ ಗೆಡ್ಡೆ ಒಂದು ಗಂಟೆಯೊಳಗೆ ಅಂಗಾಂಶ ಕೆಡದಂತೆ ಕಾಯುವ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು. ತಡವಾದರೆ ಆರ್‌ಎನ್‌ಎ ಚೂರುಚೂರು. ಹಿಂದಿನ ಬಯಾಪ್ಸಿ ಗಾಯದ ಉರಿಯೂತದ ಕೋಶಗಳು ಬೆರೆತರೆ ಅಂಕ ಸುಳ್ಳಾಗಿ ಏರುತ್ತದೆ, ಏಕೆಂದರೆ ಕೆಐ-67ರಂಥ ಕೋಶವಿಭಜನೆಯ ಜೀನ್‌ಗಳಿಗೆ ಸೂತ್ರದಲ್ಲಿ ತೂಕ ಹೆಚ್ಚು. ನಿಧಾನವಾಗಿ ಬೆಳೆಯುವ ಗ್ರೇಡ್ 1 ಗೆಡ್ಡೆಗೆ ಅಂಕ 35 ಬಂದರೆ ಮೊದಲು ಸ್ಲೈಡನ್ನು ಮತ್ತೆ ನೋಡಿಸಿ.

ಬೆಲೆ ವಿಪರೀತ, ಮಾದರಿ ಅಮೆರಿಕಕ್ಕೆ ಹೋಗಬೇಕು. ಇಂಥದ್ದೇ ಪರೀಕ್ಷೆಯಾದ, ಬೆಂಗಳೂರಿನ ಆಂಕೋಸ್ಟೆಮ್ ಕಂಪನಿಯ ಕ್ಯಾನ್‌ಅಸಿಸ್ಟ್ ಅಗ್ಗ. ಆದರೆ ಅದು ಅಳೆಯುವುದು ಜೀನ್ ಅಲ್ಲ, 5 ಪ್ರೋಟೀನ್. ಟೇಲರ್‌ಎಕ್ಸ್‌ನಷ್ಟು ದೊಡ್ಡ ಟ್ರಯಲ್‌ನ ಬೆಂಬಲವೂ ಅದಕ್ಕಿಲ್ಲ.