ಶುಗರ್ ಇರುವ ನಾಯಿ ನಡುಗುತ್ತಿದೆಯೇ? ಸಿರಿಂಜಿನ ಮುಚ್ಚಳದ ಬಣ್ಣ ನೋಡಿ

ಇದು ರಾಜಾಜಿನಗರದ ಕಡೆಯ ಒಂದು ಮನೆಯಲ್ಲಿ ನಡೆದದ್ದು. 12 ಕೆಜಿ ತೂಕದ ಕಾಕರ್ ಸ್ಪೇನಿಯಲ್‌ಗೆ ಶುಗರ್ ಕಾಯಿಲೆ. ಹೊತ್ತಿಗೆ 6 ಯೂನಿಟ್‌ನಂತೆ ದಿನಕ್ಕೆರಡು ಸಲ ಇನ್ಸುಲಿನ್. ತಿಂಗಳುಗಟ್ಟಲೆ ಚೆನ್ನಾಗಿಯೇ ಇದ್ದ ನಾಯಿ ಡಿಸೆಂಬರಿನ ಒಂದು ರಾತ್ರಿ ನಡುಗತೊಡಗಿತು. ಬೆಂಗಳೂರಿನ ಚಳಿ ತಾನೇ ಅಂತ ಮನೆಯವರು ರಗ್ಗು ಹೊದಿಸಿದರು. ಮರುದಿನವೂ ನಡುಕ, ಜೊತೆಗೆ ಹಿಂಗಾಲಲ್ಲಿ ತಡವರಿಕೆ. ರಕ್ತ ಹೀರುವ ಉಣ್ಣೆಗಳಿಂದ ಬರುವ ಉಣ್ಣೆ ಜ್ವರ (ಟಿಕ್ ಫೀವರ್) ಇರಬಹುದೆಂದು ರಕ್ತ ಪರೀಕ್ಷೆಗೆ ಕೊಟ್ಟು ಬಂದರು. ರಿಪೋರ್ಟ್ ಕೈಸೇರುವ ಮೊದಲೇ ಫಿಟ್ಸ್ ಬಂತು. ಪಕ್ಕಕ್ಕೆ ಬಿದ್ದು, ಈಜುವ ಹಾಗೆ ನಾಲ್ಕೂ ಕಾಲು ಬಡಿಯುತ್ತಿತ್ತು. ಬಾಯಲ್ಲಿ ನೊರೆ, ಬಿದ್ದಲ್ಲೇ ಮೂತ್ರ. ಆಸ್ಪತ್ರೆಯಲ್ಲಿ ಗ್ಲುಕೋಮೀಟರ್ ಹಿಡಿದರೆ ಅಂಕಿಯೇ ಬರಲಿಲ್ಲ, ‘ಲೋ’ ಅಂತಷ್ಟೇ ತೋರಿಸಿತು.

ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ (ಗ್ಲುಕೋಸ್ ದ್ರಾವಣ) ಕೊಟ್ಟ ಮೇಲೆ ನಾಯಿ ಬದುಕಿಕೊಂಡಿತು. ಕಾರಣ ಸಿಕ್ಕಿದ್ದು ಫ್ರಿಜ್ಜಿನ ಬಾಗಿಲಲ್ಲಿ. ಹಿಂದಿನ ವಾರ ಮಾಮೂಲಿ ಬಾಟಲಿ ಸ್ಟಾಕ್ ಇಲ್ಲವೆಂದು ಮೆಡಿಕಲ್ ಶಾಪಿನವರು ಅದೇ ಹೆಸರಿನ ಇನ್ನೊಂದು ಪ್ಯಾಕ್ ಕೊಟ್ಟಿದ್ದರು. “ಹೆಸ್ರು ಅದೇ ಸರ್, ಪ್ಯಾಕಿಂಗ್ ಅಷ್ಟೇ ಬೇರೆ.” ಹೆಸರೇನೋ ಅದೇ. ಆದರೆ ಹಳೆಯದು ಎಂಎಲ್‌ಗೆ 40 ಯೂನಿಟ್‌ನ ಬಾಟಲಿ, ಹೊಸದು ಎಂಎಲ್‌ಗೆ 100 ಯೂನಿಟ್‌ನ, ಇನ್ಸುಲಿನ್ ಪೆನ್ನಿಗೆ ಹಾಕುವ ಕಾರ್ಟ್ರಿಜ್. ಮನೆಯಲ್ಲಿದ್ದದ್ದು ಹಳೆಯ ಸಿರಿಂಜೇ.

ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಸಿಗುತ್ತವೆ. ಕೆಂಪು ಮುಚ್ಚಳದ್ದು ಯು-40, ಅಂದರೆ ಎಂಎಲ್‌ಗೆ 40 ಯೂನಿಟ್‌ನ ಇನ್ಸುಲಿನ್‌ಗೆ; ಕಿತ್ತಳೆ ಮುಚ್ಚಳದ್ದು ಯು-100, ಅಂದರೆ 100 ಯೂನಿಟ್‌ನದಕ್ಕೆ. ಗೆರೆಗಳ ಪಕ್ಕದ ಅಂಕಿ ಯೂನಿಟ್ ಅನ್ನು ತೋರಿಸುವುದು ಅದರದೇ ಇನ್ಸುಲಿನ್ ತುಂಬಿದಾಗ ಮಾತ್ರ. ಕೆಂಪು ಸಿರಿಂಜಿನಲ್ಲಿ 6ರ ಗೆರೆವರೆಗೆ ಎಳೆದರೆ ಒಳಗೆ ಬರುವುದು 0.15 ಎಂಎಲ್. 40ರ ಇನ್ಸುಲಿನ್ ಆದರೆ ಅದು ಸರಿಯಾಗಿ 6 ಯೂನಿಟ್. 100ರದ್ದಾದರೆ ಅದೇ 0.15 ಎಂಎಲ್‌ನಲ್ಲಿ 15 ಯೂನಿಟ್ ಇರುತ್ತದೆ, ಅಂದರೆ ಎರಡೂವರೆ ಪಟ್ಟು. ನಾಯಿಗೆ ಸಾಮಾನ್ಯವಾಗಿ ಶುರು ಮಾಡುವುದೇ ಕೆಜಿಗೆ 0.25ರಿಂದ 0.5 ಯೂನಿಟ್‌ನಲ್ಲಿ. ಈ ನಾಯಿಗೆ ಹೊತ್ತುಹೊತ್ತಿಗೆ ಕೆಜಿಗೆ 1.25 ಯೂನಿಟ್ ಹೋಗುತ್ತಿತ್ತು.

ಇದು ಕಣ್ಣಿಗೆ ಕಾಣುವ ತಪ್ಪು. ಇದರ ತದ್ವಿರುದ್ಧದ್ದು ಹೆಚ್ಚು ಕುತಂತ್ರಿ. 40ರ ಬಾಟಲಿಗೆ ಕಿತ್ತಳೆ ಸಿರಿಂಜ್ ಬಂದು ಸೇರಿದರೆ 6ರ ಗೆರೆಗೆ 0.06 ಎಂಎಲ್ ಮಾತ್ರ ಬರುತ್ತದೆ, ಅಂದರೆ 2.4 ಯೂನಿಟ್. ನಾಯಿ ಬೀಳುವುದಿಲ್ಲ. ನೀರು ಕುಡಿಯುವುದು, ಉಚ್ಚೆ ಹೊಯ್ಯುವುದು ಜಾಸ್ತಿಯಾಗುತ್ತದೆ, ಶುಗರ್ ಇಳಿಯುವುದಿಲ್ಲ. ಡಾಕ್ಟರು ನೀವು ಹೇಳಿದ ಅಂಕಿಯನ್ನು ನಂಬಿ ಡೋಸ್ ಏರಿಸುತ್ತಾರೆ: 8, 10, 14. ಕಿತ್ತಳೆ ಸಿರಿಂಜಿನ 14ಕ್ಕೆ ನಿಜವಾಗಿ ಹೋಗುವುದು 5.6 ಯೂನಿಟ್. ಅಲ್ಲಿಗೆ ಶುಗರ್ ಹಿಡಿತಕ್ಕೆ ಬರುತ್ತದೆ, ಎಲ್ಲರಿಗೂ ನೆಮ್ಮದಿ. ಹೀಗಿರುವಾಗ ಸಿರಿಂಜ್ ಖಾಲಿಯಾಗಿ ಬೇರೆ ಅಂಗಡಿಯಿಂದ ಸರಿಯಾದ ಕೆಂಪು ಸಿರಿಂಜ್ ತರುತ್ತೀರಿ. ಚೀಟಿಯಲ್ಲಿರುವಂತೆ 14 ಎಳೆಯುತ್ತೀರಿ. ಅವತ್ತು ನಾಯಿಯ ಮೈಗೆ ಪೂರ್ತಿ 14 ಯೂನಿಟ್ ಹೋಗುತ್ತದೆ. ಸಿರಿಂಜ್ ಸರಿ, ಬಾಟಲಿ ಸರಿ, ಚೀಟಿ ಸರಿ, ಆದರೂ ಫಿಟ್ಸ್. ತೂಕಕ್ಕೆ ಹೋಲಿಸಿದರೆ ಡೋಸ್ ಎದ್ದು ಕಾಣುವಷ್ಟು ಹೆಚ್ಚಿರುವ ನಾಯಿಗಳಲ್ಲಿ ಈ ಸಾಧ್ಯತೆಯನ್ನು ಮೊದಲು ತಳ್ಳಿಹಾಕಬೇಕು. ಮುಂದಿನ ಭೇಟಿಗೆ ಬಾಟಲಿ, ಸಿರಿಂಜ್ ಎರಡನ್ನೂ ಒಯ್ದು ಡಾಕ್ಟರ ಮೇಜಿನ ಮೇಲಿಡಿ. ಎಷ್ಟು ಎಳೆಯುತ್ತೀರೆಂದು ಬಾಯಲ್ಲಿ ಹೇಳಬೇಡಿ, ಎಳೆದು ತೋರಿಸಿ.

ಕಿತ್ತಳೆ ಸಿರಿಂಜಿನಲ್ಲಿ ಇನ್ನೊಂದು ಗೊಂದಲವಿದೆ. 1 ಎಂಎಲ್‌ನದ್ದರಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಗೆರೆ 2 ಯೂನಿಟ್, ಚಿಕ್ಕ ಗಾತ್ರದವುಗಳಲ್ಲಿ 1 ಅಥವಾ ಅರ್ಧ. ಗೆರೆ ಎಣಿಸಬೇಡಿ, ಅಂಕಿ ಓದಿ. ಪೆನ್ ಕಾರ್ಟ್ರಿಜ್ ಸಾಮಾನ್ಯವಾಗಿ 100ರದ್ದೇ ಇರುತ್ತದೆ. ಅದನ್ನು ಪೆನ್ನಿನಲ್ಲೇ ಬಳಸಬೇಕು, ಸಿರಿಂಜಿನಿಂದ ಹೀರಬಾರದು. ಮನೆಯಲ್ಲಿ ಅಜ್ಜಿಗೋ ತಾತನಿಗೋ ಶುಗರ್ ಇದ್ದು ಅವರ ಸಿರಿಂಜ್ ಡಬ್ಬಿಯೂ ಅದೇ ಫ್ರಿಜ್ಜಿನಲ್ಲಿದ್ದರೆ ನಾಯಿಯದನ್ನು ಬೇರೆ ಡಬ್ಬಿಗೆ ಹಾಕಿ, ಮೇಲೆ ಮಾರ್ಕರಿನಲ್ಲಿ 40 ಅಥವಾ 100 ಅಂತ ದಪ್ಪಗೆ ಬರೆಯಿರಿ.

ಅಳತೆ ಸರಿಯಿದ್ದೂ ಶುಗರ್ ಬೀಳುವುದುಂಟು. ಬೆಳಿಗ್ಗೆ ಮಗ ಚುಚ್ಚಿ ಆಫೀಸಿಗೆ ಹೋಗಿರುತ್ತಾನೆ, ಗೊತ್ತಿಲ್ಲದೆ ಅಮ್ಮ ಇನ್ನೊಂದು ಸಲ ಚುಚ್ಚುತ್ತಾರೆ. ಫ್ರಿಜ್ ಬಾಗಿಲಿಗೆ ಒಂದು ಕ್ಯಾಲೆಂಡರ್ ಹಾಕಿ ಚುಚ್ಚಿದವರು ಟಿಕ್ ಮಾಡಿದರೆ ಇದು ತಪ್ಪುತ್ತದೆ. ಇಂಜೆಕ್ಷನ್ ಮೊದಲು, ಊಟ ಆಮೇಲೆ ಅನ್ನುವ ಅಭ್ಯಾಸವೂ ಕೆಟ್ಟದ್ದು. ನಾಯಿ ತಟ್ಟೆ ಖಾಲಿ ಮಾಡಿದ್ದನ್ನು ನೋಡಿಯೇ ಚುಚ್ಚಬೇಕು. ತಿನ್ನದಿದ್ದರೆ, ತಿಂದದ್ದನ್ನು ವಾಂತಿ ಮಾಡಿದರೆ ಪೂರ್ತಿ ಡೋಸ್ ಕೊಡದೆ ಡಾಕ್ಟರಿಗೆ ಫೋನ್ ಮಾಡಿ. ಮಬ್ಬು ಬಿಳಿಯ ಇನ್ಸುಲಿನ್ ಆದರೆ ಅಂಗೈಗಳ ನಡುವೆ ಉರುಳಿಸಿ ಬೆರೆಸಬೇಕು. ಬೆರೆಸದೆ ಎಳೆದರೆ ಒಂದು ದಿನ ನೀರು, ಇನ್ನೊಂದು ದಿನ ಗಟ್ಟಿ.

ನಡುಕ ಯಾಕೆ ಬರುತ್ತದೆ ಅನ್ನುವುದು ಗೊತ್ತಿದ್ದರೆ ಫಿಟ್ಸ್ ವರೆಗೆ ಹೋಗುವುದಿಲ್ಲ. ನಾಯಿಯ ಶುಗರ್ 60ಕ್ಕಿಂತ ಕೆಳಗಿಳಿದರೆ ಕಡಿಮೆ ಎಂದೇ ಲೆಕ್ಕ. ದೇಹ ಗಾಬರಿಯಾಗಿ ಅಡ್ರಿನಲಿನ್ ಬಿಡುತ್ತದೆ: ನಡುಕ, ಚಡಪಡಿಕೆ, ಇದ್ದಕ್ಕಿದ್ದಂತೆ ಹಸಿವು. ಇನ್ನೂ ಇಳಿದರೆ ಗ್ಲುಕೋಸ್ ಸಾಲದೆ ಮಿದುಳು ಸೋಲುತ್ತದೆ. ಶೂನ್ಯ ನೋಟ, ಗೋಡೆಗೆ ತಲೆ ತಾಗಿಸಿ ನಿಲ್ಲುವುದು, ತೂರಾಡುವುದು, ಕೊನೆಗೆ ಫಿಟ್ಸ್. ಕೆಲವೊಮ್ಮೆ ನಡುವೆಯೇ ಲಿವರ್ ತನ್ನಲ್ಲಿದ್ದ ಸಕ್ಕರೆ ಹೊರಬಿಟ್ಟು ನಾಯಿಯನ್ನು ಎತ್ತಿ ನಿಲ್ಲಿಸುತ್ತದೆ. ನಡುಕ ಬಂದದ್ದೇ ಸುಳ್ಳೇನೋ ಅನ್ನುವ ಹಾಗೆ ನಾಯಿ ಓಡಾಡುತ್ತದೆ. ಮಾರನೇ ಬೆಳಿಗ್ಗೆ ನೋಡಿದರೆ ಶುಗರ್ 400 ಇದ್ದರೂ ಇರಬಹುದು. ಆ 400 ನೋಡಿ ಡೋಸ್ ಏರಿಸಿದರೆ ಮುಂದಿನ ಸಲ ಎದ್ದು ನಿಲ್ಲುವ ಶಕ್ತಿ ಇರುವುದಿಲ್ಲ. ಆದ್ದರಿಂದ ನಡುಕ ಬಂದ ಹೊತ್ತು, ಅದಕ್ಕೆ ಮುಂಚೆ ಇನ್ಸುಲಿನ್ ಕೊಟ್ಟ ಹೊತ್ತು, ಎರಡನ್ನೂ ಬರೆದಿಡಿ. ಇಂಜೆಕ್ಷನ್ ಆದ 2ರಿಂದ 8 ಗಂಟೆಯೊಳಗೆ ನಡುಗಿದರೆ ಚಳಿ, ಪಟಾಕಿ, ಉಣ್ಣೆ ಜ್ವರ ಎಲ್ಲ ಆಮೇಲೆ.

ರಕ್ತದ ಹನಿ ತೆಗೆಯಲು ಕಿವಿಯ ಒಳಬದಿಯ ಅಂಚು ಅನುಕೂಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಅರ್ಧ ನಿಮಿಷ ಕಿವಿ ಬೆಚ್ಚಗೆ ಮಾಡಿ, ಒರೆಸಿ, ವ್ಯಾಸಲೀನ್ ತೆಳುವಾಗಿ ಸವರಿ. ಆಗ ಹನಿ ಕೂದಲಿಗೆ ಹರಡದೆ ಗುಂಡಗೆ ನಿಲ್ಲುತ್ತದೆ. ಹಿಂದೆ ಹತ್ತಿಯ ಉಂಡೆ ಒತ್ತಿ ಹಿಡಿದು ಚುಚ್ಚಿದರೆ ನಿಮ್ಮ ಬೆರಳು ಉಳಿಯುತ್ತದೆ. ಮನುಷ್ಯರ ಮೀಟರ್ ನಾಯಿಯಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ, ನಿಜ. ಹಾಗಂತ ನಡುಗುತ್ತಿರುವ ನಾಯಿಯ ಮುಂದೆ ಕೂತು 55 ನಿಜವೋ 70 ನಿಜವೋ ಎಂದು ಚರ್ಚೆ ಮಾಡಬೇಡಿ. ಮೀಟರೇ ಇಲ್ಲದಿದ್ದರೂ ಸಕ್ಕರೆ ಕೊಡಿ. ಸ್ವಲ್ಪ ಹೊತ್ತು ಶುಗರ್ ಏರಿದ್ದಕ್ಕೆ ನಾಯಿ ಸಾಯುವುದಿಲ್ಲ, ಇಳಿದದ್ದಕ್ಕೆ ಸಾಯುತ್ತದೆ.

ಪ್ರಜ್ಞೆಯಿದ್ದು ನುಂಗುವ ಸ್ಥಿತಿಯಲ್ಲಿದ್ದರೆ ಕೆಜಿಗೆ 1 ಗ್ರಾಂ ಲೆಕ್ಕದಲ್ಲಿ ಗ್ಲುಕೋಸ್ ಪುಡಿಯನ್ನು ನೀರಲ್ಲಿ ಕಲಸಿ ಕುಡಿಸಿ. 12 ಕೆಜಿಯ ನಾಯಿಗೆ 12 ಗ್ರಾಂ. ಗ್ಲುಕೋಸ್ ಇಲ್ಲದಿದ್ದರೆ ಗಟ್ಟಿ ಸಕ್ಕರೆ ಪಾಕ ಅಥವಾ ಜೇನುತುಪ್ಪ. ಫಿಟ್ಸ್ ನಡೆಯುತ್ತಿರುವಾಗ ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ತುಟಿ ಎತ್ತಿ ವಸಡಿಗೆ ಪಾಕ ಸವರಿ, ಬೆರಳು ಹಲ್ಲುಗಳ ನಡುವೆ ಹೋಗದಿರಲಿ. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಇದ್ಯಾವುದೂ ಬೇಡ. ‘ಶುಗರ್‌ಲೆಸ್’ ಎಂದು ಬರೆದದ್ದನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಸಕ್ಕರೆಯ ಬದಲು ಹಾಕುವ ಜೈಲಿಟಾಲ್ ಇದ್ದರೆ ನಾಯಿಯ ಶುಗರ್ ಇನ್ನಷ್ಟು ಪಾತಾಳಕ್ಕಿಳಿಯುತ್ತದೆ.

ಈ ಕೆಲಸ ಮನೆಯಲ್ಲೇ ಆಗಬೇಕು, ಆಮೇಲೆ ಕಾರು ಹತ್ತಬೇಕು. ಬನಶಂಕರಿಯಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಸಂಜೆ ಟ್ರಾಫಿಕ್‌ನಲ್ಲಿ ಹೊರಟವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ತೆರೆದಿರುವ ಆಸ್ಪತ್ರೆ ನಿಮ್ಮ ಕಡೆ ಯಾವುದು ಎಂದು ಇವತ್ತೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ. ಸಕ್ಕರೆ ಕೊಟ್ಟು ನಾಯಿ ಎದ್ದು ಬಾಲ ಆಡಿಸಿದರೂ ಹೋಗಲೇಬೇಕು. ಹೆಚ್ಚಾಗಿ ಹೋದ ಇನ್ಸುಲಿನ್ ಗಂಟೆಗಟ್ಟಲೆ ಕೆಲಸ ಮಾಡುತ್ತಿರುತ್ತದೆ, ಕೊಟ್ಟ ಸಕ್ಕರೆ ಅಷ್ಟು ಹೊತ್ತು ಬಾಳುವುದಿಲ್ಲ. ಎದ್ದ ತಕ್ಷಣ ಅದರ ಮಾಮೂಲಿ ಊಟ ಸ್ವಲ್ಪ ತಿನ್ನಿಸಿ, ಕಾಲು ಗಂಟೆಗೊಮ್ಮೆ ಮೀಟರ್ ನೋಡುತ್ತಿರಿ. ಫಿಟ್ಸ್ 5 ನಿಮಿಷ ದಾಟಿದರೆ ಅಥವಾ ಒಂದರ ಹಿಂದೆ ಒಂದು ಬಂದರೆ ಪಾಕ ಸವರುತ್ತಲೇ ಹೊರಡಿ.

ಅಕಸ್ಮಾತ್ ಮೀಟರ್ 90, 100 ತೋರಿಸುತ್ತಿರುವಾಗಲೂ ಫಿಟ್ಸ್ ಬಂದರೆ ಕಾರಣ ಬೇರೆ ಕಡೆ ಇರಬಹುದು: ಮೂರ್ಛೆರೋಗ, ವಿಷ, ಕ್ಯಾಲ್ಸಿಯಂ ಕೊರತೆ, ಉಣ್ಣೆಯಿಂದ ಬರುವ ಸೋಂಕು. ಶುಗರ್ ತೀರಾ ಹೆಚ್ಚಿದ್ದು ವಾಂತಿ, ಉಸಿರಿಗೆ ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ಇದ್ದರೆ ಅದು ಕೀಟೋನ್ (ಇನ್ಸುಲಿನ್ ಸಾಲದೆ ರಕ್ತದಲ್ಲಿ ತುಂಬಿಕೊಳ್ಳುವ ಆಮ್ಲ), ಅದಕ್ಕೂ ಅವತ್ತೇ ಆಸ್ಪತ್ರೆ ಬೇಕು. ಯಾವುದೇ ಆಗಲಿ, ಹೊರಡುವಾಗ ಇನ್ಸುಲಿನ್ ಬಾಟಲಿ, ಅವತ್ತು ಬಳಸಿದ ಸಿರಿಂಜ್, ಹೊತ್ತು ಬರೆದ ಚೀಟಿ ಮೂರನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮುಂದಿನ ಡೋಸ್ ಎಷ್ಟು, ಯಾವಾಗ ಅನ್ನುವುದನ್ನು ಡಾಕ್ಟರು ಅವುಗಳನ್ನು ಕಣ್ಣಾರೆ ನೋಡಿ ಹೇಳುವವರೆಗೆ ಚುಚ್ಚಬೇಡಿ.