ಅವಧಿಪೂರ್ವ ಬಿಡುಗಡೆಯ ಮನವಿ ತಿರಸ್ಕೃತವಾದಾಗ ‘ಮೇಲ್ಮನವಿ’ ಮಾಡಿಸಿಕೊಡುತ್ತೇವೆನ್ನುವವರನ್ನು ನಂಬಬೇಡಿ

ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾಗಿ, ರಾಜ್ಯದ ಕೇಂದ್ರ ಕಾರಾಗೃಹವೊಂದರಲ್ಲಿ ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸಜೆ ಅನುಭವಿಸಿರುವ ನಮ್ಮ ಭಾವನವರು, ಸನ್ನಡತೆಯ ಆಧಾರದ ಮೇಲೆ ಬಿಡುಗಡೆ ಕೋರಿ ಸಲ್ಲಿಸಿದ್ದ ಮನವಿ ತಿರಸ್ಕೃತವಾಯಿತು. ಪೊಲೀಸ್ ವರದಿ ಪ್ರತಿಕೂಲವಾಗಿರುವುದರಿಂದ ಪರಿಗಣಿಸಲು ಅವಕಾಶವಿರುವುದಿಲ್ಲ ಎಂಬ ಒಂದೇ ವಾಕ್ಯದ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬಂತು. ವರದಿಯಲ್ಲಿ ಏನಿದೆ, ಮುಂದೆ ಯಾರನ್ನು ಕೇಳಬೇಕು ಎಂಬ ಸುಳಿವೇ ಅದರಲ್ಲಿರಲಿಲ್ಲ; ಮೊಹರು ದಿನಾಂಕದ ಮೇಲೆಯೇ ಬಿದ್ದು ಅಂಕಿಗಳೂ ಅಳಿಸಿದಂತಾಗಿದ್ದವು.

ಇಂಥ ಕಾಗದ ಹಿಡಿದು ದಿಕ್ಕು ತೋಚದೆ ನಿಂತವರಿಗಾಗಿಯೇ ಕಾಯುವ ಜನರಿದ್ದಾರೆ. ಸಂದರ್ಶನದ ದಿನ ಕಾರಾಗೃಹದ ಹೊರಗೆ ನನ್ನ ಅಕ್ಕನಿಗೆ ಪರಿಚಯವಾದ ಒಬ್ಬಾತ, ವಕೀಲನೆಂದು ಎಲ್ಲಿಯೂ ಹೇಳದೆ ವಕೀಲನಂತೆಯೇ ಮಾತನಾಡಿ, ಮೂವತ್ತು ದಿನಗಳೊಳಗೆ ಗೃಹ ಇಲಾಖೆಗೆ ‘ಮೇಲ್ಮನವಿ’ ಹೋಗದಿದ್ದರೆ ಅವಕಾಶವೇ ಮುಗಿಯಿತೆಂದು ಹೆದರಿಸಿ, ಐವತ್ತು ಸಾವಿರ ರೂಪಾಯಿ ಪಡೆದ. ರಸೀದಿಯಲ್ಲಿರುವುದು ‘ಟೈಪಿಂಗ್ ಮತ್ತು ಜೆರಾಕ್ಸ್ ವೆಚ್ಚ’ ಎಂದಷ್ಟೇ. ಅವನು ಸಲ್ಲಿಸಿದ್ದಾಗಿ ತೋರಿಸಿದ ಅರ್ಜಿಯ ಎರಡನೆಯ ಪುಟದಲ್ಲಿ ಬೇರೊಂದು ಜಿಲ್ಲೆಯ ಬೇರೊಬ್ಬ ಬಂದಿಯ ಹೆಸರು, ಸಂಖ್ಯೆ ಹಾಗೆಯೇ ಉಳಿದಿದ್ದವು. ಮೂಲ ಹಿಂಬರಹವನ್ನೂ ಅವನೇ ಒಯ್ದ.

ವಾಸ್ತವದಲ್ಲಿ, ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 473ನೇ ಕಲಮಿನಡಿ ಸರ್ಕಾರ ಶಿಕ್ಷೆ ಮಾಫಿಯನ್ನು, ಅಂದರೆ ಇಂಥ ಅವಧಿಪೂರ್ವ ಬಿಡುಗಡೆಯನ್ನು, ನಿರಾಕರಿಸಿದರೆ ಅದರ ವಿರುದ್ಧ ಮೇಲ್ಮನವಿ ಎಂಬ ಕ್ರಮವೇ ಇಲ್ಲ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ (ಸರ್ಕಾರದ ಆದೇಶವನ್ನು ನೇರವಾಗಿ ಪ್ರಶ್ನಿಸುವ ಅರ್ಜಿ) ಸಲ್ಲಿಸಬೇಕು. ಅದಕ್ಕೆ ಮೂವತ್ತು ದಿನಗಳ ಗಡುವೂ ಇಲ್ಲ, ಆದರೆ ಕಾರಣವಿಲ್ಲದೆ ತಡಮಾಡುವುದು ಸಲ್ಲದು. ನಮ್ಮ ಕೈಯಲ್ಲಿದ್ದಂಥ ಒಂದು ಸಾಲಿನ ಹಿಂಬರಹವೇ ಇಲ್ಲಿ ಅರ್ಜಿದಾರರ ಮುಖ್ಯ ಆಧಾರವಾಗುತ್ತದೆ. ಏಕೆಂದರೆ ತಿರಸ್ಕಾರದ ಆದೇಶದಲ್ಲಿ ಸಂಕ್ಷಿಪ್ತವಾಗಿಯಾದರೂ ಕಾರಣಗಳಿರಬೇಕು, ಅದನ್ನು ಕಾರಾಗೃಹದ ಮೂಲಕ ಬಂದಿಗೆ ತಕ್ಷಣ ತಲುಪಿಸಬೇಕು, ಪ್ರಶ್ನಿಸುವ ಹಕ್ಕಿದೆಯೆಂಬುದನ್ನೂ ಅಧಿಕಾರಿಗಳೇ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿ 18ರಂದು ಸ್ಪಷ್ಟಪಡಿಸಿದೆ. ಅಪರಾಧ ಮರುಕಳಿಸುವ ಸಂಭವ, ಇನ್ನೂ ಸೆರೆಯಲ್ಲಿಡುವುದರಿಂದ ಆಗುವ ಪ್ರಯೋಜನ, ಕುಟುಂಬದ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿ ಇವೆಲ್ಲವನ್ನೂ ನೋಡಬೇಕೆಂಬುದು ಅದೇ ಕೋರ್ಟಿನ 2000ದ ಲಕ್ಷ್ಮಣ್ ನಸ್ಕರ್ ತೀರ್ಪಿನಿಂದಲೇ ಇರುವ ಅಳತೆ. ಅಪರಾಧಿಯೆಂದು ತೀರ್ಪಾದ ದಿನ ಜಾರಿಯಲ್ಲಿದ್ದ ಮಾಫಿ ನೀತಿಯನ್ನೇ ಅನ್ವಯಿಸಬೇಕು, ನಂತರದ ನೀತಿ ಹೆಚ್ಚು ಉದಾರವಾಗಿದ್ದರೆ ಅದರ ಲಾಭ ಕೊಡಬೇಕು ಎಂದು 2010ರ ಜಗದೀಶ್ ಪ್ರಕರಣದಲ್ಲಿ ಹೇಳಲಾಗಿದೆ. ಆ ‘ಮೇಲ್ಮನವಿ’ಯಲ್ಲಿ ಇವುಗಳಲ್ಲಿ ಒಂದರ ಪ್ರಸ್ತಾಪವೂ ಇರಲಿಲ್ಲ, ‘ಕರುಣೆ ತೋರಬೇಕು’ ಎಂಬ ಮಾತು ಮಾತ್ರ ಧಾರಾಳವಾಗಿತ್ತು.

‘ಕೋರ್ಟಿನಿಂದ ನೇರ ಬಿಡುಗಡೆ’ ಎಂಬ ಭರವಸೆಯನ್ನೂ ನಂಬಬೇಡಿ. ರಿಟ್ ಅರ್ಜಿ ಗೆದ್ದರೂ ಹೈಕೋರ್ಟ್ ಸಾಮಾನ್ಯವಾಗಿ ಆದೇಶವನ್ನು ರದ್ದುಪಡಿಸಿ ಮರುಪರಿಶೀಲನೆಗೆ ಸರ್ಕಾರಕ್ಕೇ ಹಿಂದಿರುಗಿಸುತ್ತದೆ.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಂತೆ ಬಂಧನದಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ನಮಗೆ ಕೊನೆಗೆ ವಕೀಲರು ಸಿಕ್ಕಿದ್ದು ಹೀಗೆಯೇ. ಹಿಂಬರಹದ ದೃಢೀಕೃತ ಪ್ರತಿಯನ್ನು ಕಾರಾಗೃಹದಿಂದ ಮತ್ತೆ ಪಡೆದು ರಿಟ್ ಅರ್ಜಿ ಸಲ್ಲಿಸಿದ್ದೇವೆ. ಹಣ ಪಡೆದವನ ಮೇಲೆ ಪೊಲೀಸ್ ದೂರು ಕೊಟ್ಟಾಗ ರಸೀದಿಯ ಕೈಬರಹವೊಂದೇ ಸಾಕ್ಷಿಯಾಗಿ ಒದಗಿತು. ಇದೇ ಬಗೆಯ ರಸೀದಿ ನಿಮ್ಮಲ್ಲಿದ್ದರೆ ಹರಿಯದೆ ಇಟ್ಟುಕೊಳ್ಳಿ, ಮೂಲ ಕಾಗದವನ್ನಂತೂ ಯಾರ ಕೈಗೂ ಕೊಡಬೇಡಿ.